ಗೋಡೆಗೆ ಮುಖ ಮಾಡಿ ಕೂರುವ ಗುರುಬಸವ ಕಾಕಾ

ಅದೇ, ಆ ಗೋಡೆಯ ಕಡೆ ತಿರುಗಿ ಕೂರುವ ವಿಷಯ. ಅದನ್ನು ಅರ್ಧಕ್ಕೆ ಬಿಟ್ಟರೆ ಗುರುಬಸವ ಕಾಕಾನ ಕಥೆಯೇ ಅರ್ಧಕ್ಕೆ ನಿಂತ ಹಾಗೆ. ಆದ್ದರಿಂದ ಪೂರ್ತಿ ಹೇಳಿಬಿಡುವುದೇ ಒಳ್ಳೆಯದು.

ಆಂಟಾಪ್ ಹಿಲ್‌ನ ಆ ಹಳೇ ಕಾಲೊನಿಯಲ್ಲಿ, ನೀರಿನ ಪಂಪಿನ ಪಕ್ಕಕ್ಕೆ, ಸೊಸೈಟಿ ಆಫೀಸು ಅಂತ ಒಂದು ಕೋಣೆಯಿದೆ. ಭಾನುವಾರ ಸಂಜೆ ನಾಲ್ಕಕ್ಕೆ ಅದರ ಬಾಗಿಲು ತೆರೆಯುತ್ತದೆ. ಒಳಗೆ ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೊಂದು ಲ್ಯಾಪ್‌ಟಾಪು. ಅದರ ಕೀಲು ಸಡಿಲಾಗಿರುವುದರಿಂದ ಹಿಂದೆ ಅರ್ಧ ಇಟ್ಟಿಗೆಯ ಆಸರೆ. ಗ್ಯಾಸ್ ಬುಕ್ಕಿಂಗೋ, ಪಿಎಫ್ಫೋ, ಪಾಸ್‌ಪೋರ್ಟೋ, ಮಗಳ ಕಾಲೇಜಿನ ಅರ್ಜಿಯೋ, ಏನೇ ಇದ್ದರೂ ಕಾಲೊನಿಯ ಜನ ಅಲ್ಲಿಗೆ ಬರುತ್ತಾರೆ. ಕಾಕಾ ಸರಿಯಾದ ಪುಟ ಹುಡುಕಿ ತೆರೆದು ಕೊಡುತ್ತಾರೆ. ಪಾಸ್‌ವರ್ಡ್ ಒತ್ತುವ ಜಾಗ ಬಂತೋ, ಮುಗಿಯಿತು. ಲ್ಯಾಪ್‌ಟಾಪನ್ನು ಎದುರಿನವರ ಕಡೆ ತಿರುಗಿಸಿ, ಇಟ್ಟಿಗೆಯನ್ನೂ ತಿರುಗಿಸಿ, ತಮ್ಮ ಕುರ್ಚಿಯನ್ನು ಕರ್ರೆಂದು ಎಳೆದು ಗೋಡೆಗೆ ಮುಖ ಮಾಡಿ ಕೂತುಬಿಡುತ್ತಾರೆ. ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಒಂದು ಮೊಳೆ, ಮೊಳೆಯಲ್ಲಿ ಎರಡು ವರ್ಷ ಹಳೆಯ ಕ್ಯಾಲೆಂಡರು.

"ಆತೇನ್ರಿ?"

"ಇನ್ನಾ ಇಲ್ರಿ ಕಾಕಾ."

"ಆರಾಮ್ ಒತ್ರಿ. ನಾ ಎಲ್ಲಿ ಓಡಿ ಹೋಗ್ತೀನಿ."

ಮೂರನೇ ಮಹಡಿಯ ಖಂಡಪ್ಪನಿಗೆ ಇದನ್ನು ಕಂಡರೆ ಪ್ರತಿ ಸಲವೂ ನಗು. "ಏನ್ ಕಾಕಾ, ಹೊಸಾ ಮದಮಗಳ ಗತೆ ಆ ಕಡೆ ಮಾರಿ ಮಾಡಿ ಕುಂತೀರಲ್ಲ!" ಅನ್ನುತ್ತಾನೆ. ಕಾಕಾ ಮೊಳೆಯನ್ನೇ ನೋಡುತ್ತ, "ನೀ ಮದಲ ನಿಂದು ಒತ್ತು," ಅನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಒಂದು ಕಾಲಕ್ಕೆ ಕಾಲೊನಿಯ ಮೂವತ್ತೊಂದು ಮನೆಗಳ ಪಾಸ್‌ವರ್ಡುಗಳು ಅದೇ ಲ್ಯಾಪ್‌ಟಾಪಿನಲ್ಲಿ ಇದ್ದವು. ಜನರೇ ಕೊಟ್ಟಿದ್ದರು. "ಅಲ್ಲೇ ಇರ್ಲಿ ಬಿಡ್ರಿ, ನನಗ ನೆಪ್ಪ ಉಳ್ಯೂದಿಲ್ಲ," ಎಂದು ಒಬ್ಬೊಬ್ಬರೂ ಹೇಳಿ ಹೋಗಿದ್ದರು. 'ಉಳಿಸಲೇ?' ಎಂದು ಬ್ರೌಸರು ಕೇಳುತ್ತಿತ್ತು, ಕಾಕಾ 'ಹೂಂ' ಒತ್ತುತ್ತಿದ್ದರು. ಬ್ಯಾಂಕಿನದೊಂದನ್ನು ಮಾತ್ರ ಆ ಕೋಣೆಯೊಳಗೆ ಬಿಟ್ಟುಕೊಂಡಿರಲಿಲ್ಲ.

ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಹತ್ತೊಂಬತ್ತಕ್ಕೆ ಮುಂಬೈಗೆ ಬಂದವರು ದಾದರ್ ವೆಸ್ಟಿನ ಒಂದು ಬಟ್ಟೆಯ ಹೋಲ್‌ಸೇಲ್ ಪೇಢಿಯಲ್ಲಿ ಮಾಲು ರವಾನಿಸುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಸೊಲ್ಲಾಪುರ, ಕೊಲ್ಹಾಪುರ, ಹುಬ್ಬಳ್ಳಿಗೆ ಹೋಗುವ ಗಂಟುಗಳಿಗೆ ಚೀಟಿ ಬರೆಯುವುದು ಅವರ ಕೆಲಸ. ಚೀಟಿಯಲ್ಲಿ ಹನ್ನೊಂದು ಚೌಕಗಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ 'ಒದ್ದೆಯಾಗಬಾರದು' ಎಂಬ ಚೌಕ ಖಾಲಿ ಬಿಟ್ಟಿದ್ದಕ್ಕೆ, ಟ್ರಾನ್ಸ್‌ಪೋರ್ಟಿನವರು ಪನ್ವೇಲಿನಿಂದ ಆರು ಗಂಟು ವಾಪಸ್ ಕಳಿಸಿದ್ದರು. ಸೇಠ್ ಕೂಗಾಡಲಿಲ್ಲ. ಆ ಖಾಲಿ ಚೌಕದ ಮೇಲೆ ಬೆರಳಿಟ್ಟು, "ಡಬ್ಬಾ ಖಾಲಿ ನಹೀ ಛೋಡ್ನೇ ಕಾ," ಅಂದರು, ಅಷ್ಟೇ. ಅವತ್ತಿನಿಂದ ಕಾಕಾ ಬದುಕಿನಲ್ಲಿ ಯಾವ ಚೌಕವನ್ನೂ ಖಾಲಿ ಬಿಟ್ಟವರಲ್ಲ. ಸಯಾನಿನ ಕಡೆ ಒಂದು ದವಾಖಾನೆಯ ಫಾರ್ಮಿನಲ್ಲಿ 'ಗರ್ಭಿಣಿಯೇ?' ಎಂದು ಕೇಳಿದ್ದಲ್ಲಿ ನಿಧಾನಕ್ಕೆ 'ಇಲ್ಲ' ಎಂದು ಬರೆದು ಕೊಟ್ಟ ಮನುಷ್ಯ. ಅವರ ಹೆಂಡತಿ ಸೇವಂತಿ ಇವತ್ತಿಗೂ ಇದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಈ ಅಭ್ಯಾಸ ನೆನಪಿರಲಿ, ಮುಂದೆ ಎಲ್ಲ ಕೆಟ್ಟದ್ದೂ ಇದರಿಂದಲೇ.

ಈಗ ಬ್ರೌಸರಿನ ಮಾತು. ಪೇಢಿಯ ಕಂಪ್ಯೂಟರಿನಲ್ಲಿ ಇದ್ದದ್ದು ಒಂದು ಕಂಪನಿಯ ಬ್ರೌಸರು, ಬೇರೆಯದಕ್ಕೆ ಅಲ್ಲಿ ಪರವಾನಗಿಯಿಲ್ಲ. ಸೊಸೈಟಿಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಇನ್ನೊಂದು ಕಂಪನಿಯದು. ಎರಡಕ್ಕೂ ಆಗಿಬರುವುದಿಲ್ಲ. ಇದರಲ್ಲಿ ಗುರುತು ಮಾಡಿಟ್ಟ ಪುಟ ಅದಕ್ಕೆ ಗೊತ್ತಿಲ್ಲ, ಅದರಲ್ಲಿ ಉಳಿಸಿದ್ದು ಇದಕ್ಕೆ ಸಿಗುವುದಿಲ್ಲ. ಕಾಕಾ ದಾದರ್ ವೆಸ್ಟಿನದಕ್ಕೆ 'ವೆಸ್ಟರ್ನ್' ಎಂದೂ ಮನೆಯ ಕಡೆಯದಕ್ಕೆ 'ಸೆಂಟ್ರಲ್' ಎಂದೂ ಹೆಸರಿಟ್ಟಿದ್ದರು. ದಾದರಿನಲ್ಲಿ ಸೇರುವ ಎರಡು ರೈಲ್ವೆಗಳ ಹೆಸರು. ಸೇವಂತಿಗೂ ಅದೇ ಬಾಯಿಪಾಠವಾಗಿತ್ತು.

ತಾಪತ್ರಯ ಇದ್ದದ್ದು ಇಲ್ಲಿ. ಮಧ್ಯಾಹ್ನ ಡಬ್ಬಿ ಉಂಡಮೇಲೆ ಪೇಢಿಯಲ್ಲಿ ಅರ್ಧ ಗಂಟೆ ಬಿಡುವು. ಆಗ ಕಾಕಾ ಕಾಲೊನಿಯವರಿಗೆ ಬೇಕಾದ ಪುಟಗಳನ್ನು ಹುಡುಕುತ್ತಿದ್ದರು. ಒಂದೇ ಹೆಸರಿನ ಹತ್ತು ಪುಟಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಅಕ್ಕಿಯೊಳಗಿನ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಆರಿಸಿದ್ದನ್ನು ವೆಸ್ಟರ್ನಿನಲ್ಲಿ ಗುರುತು ಮಾಡಿಟ್ಟರೆ ಭಾನುವಾರ ಸೆಂಟ್ರಲಿನಲ್ಲಿ ಸಿಗಬೇಕಲ್ಲ? ಹಾಗಾಗಿ ಹಳೇ ರವಾನೆ ಚೀಟಿಗಳ ಬೆನ್ನಿಗೆ ವಿಳಾಸ ಬರೆದುಕೊಂಡು ಜೇಬಿನಲ್ಲಿಟ್ಟು ತರುತ್ತಿದ್ದರು. ಒಂದು ಚುಕ್ಕೆ ತಪ್ಪಿದರೂ ಪುಟ ತೆರೆಯದು. ಒಮ್ಮೆಯಂತೂ ಸೇವಂತಿ ಅಂಗಿಯ ಸಮೇತ ಒಂದು ವಾರದ ವಿಳಾಸಗಳನ್ನೆಲ್ಲ ಒಗೆದು ಹಿಂಡಿ ಒಣಹಾಕಿದ್ದಳು.

ದಾದರ್ ಸ್ಟೇಷನ್ನಿನಲ್ಲಿ ಮೊದಲು ಎರಡು ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಇದ್ದದ್ದು ನೆನಪಿದೆಯಲ್ಲವೇ? ವೆಸ್ಟರ್ನಿನದು ಬೇರೆ ಒಂದು, ಸೆಂಟ್ರಲಿನದು ಬೇರೆ ಒಂದು. ಹೊಸಬರು ಈ ಒಂದರಲ್ಲಿ ನಿಂತು ಆ ಒಂದರ ಗಾಡಿಗೆ ಕಾಯುತ್ತಿದ್ದರು. ಆಮೇಲೆ ಒಂದು ಚಳಿಗಾಲದಲ್ಲಿ ಎರಡನ್ನೂ ಸೇರಿಸಿ, ಆ ಕಡೆ ಏಳಕ್ಕೆ ಮುಗಿದದ್ದು ಈ ಕಡೆ ಎಂಟರಿಂದ ಶುರುವಾಗುವಂತೆ ಬೋರ್ಡು ಬರೆದರು. ಕಾಕಾನಿಗೆ ಒಂದು ವಾರ ಅದೇ ಸಂಭ್ರಮ. "ನೋಡು, ಎರಡು ರೈಲ್ವೆ ಮಾತಾಡ್ಕೊಂಡ್ವು! ಈ ಎರಡು ಬ್ರೌಸರಿಗೆ ಏನ್ ಧಾಡಿ?" ಎಂದು ಸೇವಂತಿಯ ಹತ್ತಿರ ಜಗಳಕ್ಕೇ ನಿಂತ ಹಾಗೆ ಕೇಳಿದ್ದರು.

"ನನ್ನ ಯಾಕ ಕೇಳ್ತೀರಿ? ನಾ ಏನ್ ಅವ್ರ ಅತ್ತೀನಾ?" ಅಂದಿದ್ದಳು ಸೇವಂತಿ.

ಕೆಲವು ತಿಂಗಳ ಮೇಲೆ ಕಾಕಾನಿಗೆ ಬ್ರೌಸರಿಗೆ ಅಂಟಿಸುವ ಒಂದು ಪುಟ್ಟ ಜೋಡಣೆ, ಎಕ್ಸ್‌ಟೆನ್ಷನ್ ಅಂತಾರಲ್ಲ, ಅದು ಸಿಕ್ಕಿತು. ಯಾರೋ ಉಪಕಾರಿ ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದು. ಎರಡು ಬ್ರೌಸರಿಗೂ ಹಾಕಿದರೆ ಇಲ್ಲಿದ್ದದ್ದು ಅಲ್ಲಿಗೆ, ಅಲ್ಲಿದ್ದದ್ದು ಇಲ್ಲಿಗೆ ತಾನಾಗಿ ಹೋಗುತ್ತಿತ್ತು. ಹಾಕುವಾಗ ಎರಡು ಚೌಕ ತೋರಿಸಿತು. ಮೊದಲನೆಯದು, ಗುರುತು ಮಾಡಿದ ಪುಟಗಳು. ಎರಡನೆಯದು, ಪಾಸ್‌ವರ್ಡುಗಳು.

ಕಾಕಾನಿಗೆ ಬೇಕಾಗಿದ್ದದ್ದು ಮೊದಲನೆಯದಷ್ಟೇ. ಆದರೆ ಎರಡನೆಯದು ಖಾಲಿ ಇತ್ತು. ಕೈ ತಾನಾಗಿ ಹೋಯಿತು. ಎರಡಕ್ಕೂ ಟಿಕ್ ಬಿತ್ತು.

ಆ ಭಾನುವಾರ ಅವರ ಮುಖ ನೋಡಬೇಕಿತ್ತು. ಶುಕ್ರವಾರ ದಾದರಿನಲ್ಲಿ ಗುರುತು ಮಾಡಿದ ಪುಟ ಆಂಟಾಪ್ ಹಿಲ್‌ನಲ್ಲಿ ತೆರೆದುಕೊಂಡಿತು! ಬಂದವರಿಗೆಲ್ಲ ಎರಡೆರಡು ಸಲ ತೋರಿಸಿದರು. ಅದೇ ಹುರುಪಿನಲ್ಲಿ ಸೇವಂತಿಗೊಂದು ಹೊಸ ಫೋನು ಬಂತು. ಅವಳ ಹೆಸರಿನಲ್ಲಿ ಖಾತೆ ಇರಲಿಲ್ಲ, ಫೋನು ಮಾತ್ರ ಖಾತೆ ಇಲ್ಲದೆ ಮುಂದೆ ಹೋಗುವುದಿಲ್ಲ ಅಂತ ಹಟ ಹಿಡಿಯಿತು. ಕಾಕಾ ತಮ್ಮದೇ ಖಾತೆ ಹಾಕಿ ಚಾಲೂ ಮಾಡಿಕೊಟ್ಟರು. ಆ ಫೋನಿನಲ್ಲಿ ಇದ್ದದ್ದೂ ವೆಸ್ಟರ್ನೇ.

ಒಂದು ತಿಂಗಳು ಚೆನ್ನಾಗಿಯೇ ಹೋಯಿತು.

ಒಂದು ಸಂಜೆ ಕಾಕಾ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದರು. ಸೇವಂತಿ ಮೊದಲ ಸಲ ತಾನೇ ಗ್ಯಾಸ್ ಬುಕ್ ಮಾಡಬೇಕೆಂದು ಕನ್ನಡಕ ಹಾಕಿಕೊಂಡು ಕೂತಿದ್ದಳು.

"ಅಲ್ರೀ, ಮಲ್ಲಕ್ಕ ನನ್ನ ಫೋನಿನ್ಯಾಗ ಯಾಕ ಕುಂತಾಳ?"

"ಯಾವ ಮಲ್ಲಕ್ಕ?"

"ಬಿ ಬಿಲ್ಡಿಂಗಿನ ಮಲ್ಲವ್ವ. ಅಕೀ ಒಬ್ಬಾಕೀನ ಅಲ್ಲ, ಖಂಡಪ್ಪ ಅದಾನ, ಅಂಬವ್ವ ಅದಾಳ. ಹೆಸರು ಹಾಕೂ ಜಾಗ ಮುಟ್ಟಿದ್ರ ಇಡೀ ಕಾಲೊನಿ ಕೆಳಗ ಜೋತಬೀಳ್ತೈತಿ. ಏನಂತ ನೋಡೂಣಂತ ರಾಧಿಕಾನ ಹೆಸರಿಂದು ಒಂದನ್ನ ಒತ್ತಿದೆ, ಯಾವುದೋ ಕಾಲೇಜಿನ ಪುಟ ತೆರಕೊಂತು." ಸೇವಂತಿಯ ದನಿ ತಗ್ಗಿತು. "ರಾಧಿಕಾ ಬಿ.ಎ. ಕಲ್ಯಾಕತ್ತಾಳ? ಇಂಗ್ಲಿಷಿನ್ಯಾಗ ಫೇಲ್ ಅಂತ ಬಂದೈತಿ."

ಕಾಕಾ ಒಂದು ಕಾಲಲ್ಲಿ ಚಪ್ಪಲಿ ಹಾಗೇ ಇಟ್ಟುಕೊಂಡು ಬಾಗಿಲಲ್ಲೇ ನಿಂತರು.

ರಾಧಿಕಾ ಮಲ್ಲವ್ವನ ಸೊಸೆ. ಬೆಳಿಗ್ಗೆ ಕಾಲೊನಿಯ ಹಿಂದಿನ ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಹೆಣ್ಣುಮಗಳು. ಮನೆಯಲ್ಲಿ ಯಾರಿಗೂ ಹೇಳದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿದ್ದಳು. ಅರ್ಜಿ ತುಂಬಿಕೊಟ್ಟವರು ಕಾಕಾ. ಫೇಲಾದ ದಿನ ಅದೇ ಕೋಣೆಯಲ್ಲಿ ಕೂತು ಅವಳು ಹೇಳಿದ್ದು ಇಷ್ಟು: "ಪಾಸಾದ ದಿನ ನಾನಽ ಪೇಢೆ ಹಂಚಿ ಹೇಳ್ತೀನ್ರಿ ಕಾಕಾ. ಅಲ್ಲೀತನಾ ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಾಗಬಾರ್ದು." ಮರುಪರೀಕ್ಷೆಗೆ ಇನ್ನು ಐದು ವಾರವಿತ್ತು.

"ನಾ ಯಾರ ಮುಂದೂ ಬಾಯಿ ಬಿಡೂದಿಲ್ರಿ," ಅಂದಳು ಸೇವಂತಿ. ಕನ್ನಡಕ ತೆಗೆದಿಟ್ಟು, "ಆದ್ರ ದಿನಾ ಮುಂಜಾನೆ ಮಲ್ಲಕ್ಕನ ಎದುರಿಗೆ ಕುಂತು ಮೆಂತ್ಯಾ ಸೋಸ್ತೀನಿ. ನಾಳಿಂದ ಅಕೀ ಮಾರಿ ನೋಡಿ ಮಾತಾಡೂದು ಹ್ಯಾಂಗ? ನೋಡಬಾರ್ದಿತ್ತು ನಾ," ಅಂದಳು.

ಕಾಕಾನ ತಲೆ ಆಗಲೇ ಮುಂದಕ್ಕೆ ಓಡಿತ್ತು. ಸೇವಂತಿಯ ಫೋನಿಗೆ ಬಂದದ್ದು, ಅದೇ ಖಾತೆ ತೆರೆದಿಟ್ಟ ಪೇಢಿಯ ಕಂಪ್ಯೂಟರಿಗೆ ಬರದೇ ಇರುತ್ತದೆಯೇ? ಅಲ್ಲಿ ದಿನಕ್ಕೆ ಮೂರು ಜನ ಕೂರುತ್ತಾರೆ.

ಮರುದಿನ ಎಲ್ಲರಿಗಿಂತ ಮೊದಲು ಪೇಢಿಗೆ ಹೋಗಿ ನೋಡಿದರು. ಇತ್ತು. ಮೂವತ್ತೊಂದು ಮನೆ, ಸಾಲಾಗಿ. ಅಳಿಸುತ್ತ ಕೂತಾಗ ಪಕ್ಕದ ಮೇಜಿನ ವಿಕ್ರಂ ಬಂದ. ಬೆಂಗಳೂರಿನ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಚೆಂಬೂರಿನಲ್ಲಿ.

"ಅರೇ ಅಂಕಲ್, ಆ ಲಿಸ್ಟ್ ಡಿಲೀಟ್ ಮಾಡ್ತಿದ್ದೀರಾ? ಏಕ್ ಮಹೀನೇ ಸೆ ಬರ್ತಾ ಇದೆ ಅದು. ನಾನು ಸೋಚಾ, ನಿಮ್ಮ ರಿಲೇಟಿವ್ಸ್ ಇರ್ಬೇಕು ಅಂತ."

"ಯಾವುದರ ತೆಗದು ನೋಡಿದೇನಪಾ?"

"ನಾನು ನಹೀ. ದೂಸ್ರೇ ಲೋಗ್ ಕಾ ಪತಾ ನಹೀ." ಬೇರೆಯವರದು ತನಗೆ ಗೊತ್ತಿಲ್ಲವೆಂದು ಹೆಗಲು ಕುಣಿಸಿ ಹೋದ.

ಎರಡೂ ಬ್ರೌಸರಿನಿಂದ ಜೋಡಣೆ ಕಿತ್ತರು, ಮೂರೂ ಕಡೆ ಇದ್ದದ್ದನ್ನು ಅಳಿಸಿದರು. ತಮ್ಮ ಖಾತೆಯ ಬಾಗಿಲು ಎಲ್ಲೆಲ್ಲಿ ತೆರೆದಿತ್ತೋ ಅಲ್ಲೆಲ್ಲ ಮುಚ್ಚಿದರು. ಆದರೆ ನೋಡಿದ ಕಣ್ಣುಗಳನ್ನು ಅಳಿಸುವ ಗುಂಡಿ ಎಲ್ಲಿದೆ?

ಸಂಜೆ ಸೊಸೈಟಿಯ ಸೆಕ್ರೆಟರಿ ಜಯಸಿಂಹ ಅವರ ಮನೆಗೆ ಹೋದರು. ಮೈಸೂರಿನವರು, ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಆ ಲ್ಯಾಪ್‌ಟಾಪು ಅವರೇ ಕೊಟ್ಟದ್ದು. ಎಲ್ಲ ಕೇಳಿ, ಕಾಫಿ ಲೋಟ ಕೆಳಗಿಟ್ಟರು.

"ಎಲ್ಲಾ ಅಳಿಸಿದೀಯ ತಾನೆ?"

"ಅಳಿಸೀನ್ರಿ."

"ಯಾರಿಗಾದ್ರೂ ನಷ್ಟ ಆಗಿದ್ಯಾ?"

"ಇನ್ನಾತನಾ ಏನಿಲ್ರಿ."

"ಮತ್ತೆ ಸುಮ್ನಿರಯ್ಯಾ. ಮೂವತ್ತೊಂದು ಮನೆ ಬಾಗಿಲು ತಟ್ಟಿ, ನಿಮ್ಮ ಪಾಸ್‌ವರ್ಡು ನನ್ನ ಹೆಂಡ್ತಿ ಫೋನಲ್ಲಿತ್ತು, ನಮ್ಮ ಪೇಢೀಲಿತ್ತು ಅಂತ ಹೇಳ್ತೀಯಾ? ಮುಂದಿನ ಭಾನುವಾರ ಆ ಕೋಣೆಗೆ ಒಬ್ಬರು ಬರಲ್ಲ. ಆ ಹೆಂಗಸರೆಲ್ಲ ಎಲ್ಲಿಗೆ ಹೋಗ್ತಾರೆ ಹೇಳು? ಸ್ಟೇಷನ್ ಹತ್ರ ಅಂಗಡೀಲಿ ಇನ್ನೂ ಬೇರೆಯವರಿಗೆ ಕೊಡ್ತಾರೆ. ನಿನ್ನ ಮನಸ್ಸು ಹಗುರ ಆಗ್ಲಿ ಅಂತ ಅವರಿಗ್ಯಾಕಯ್ಯಾ ಭಾರ?"

ಮಾತು ಸುಳ್ಳಾಗಿರಲಿಲ್ಲ. ಕಷ್ಟವಾದದ್ದೇ ಅದು. ಹೇಳಿದರೆ ಎಂಟು ವರ್ಷದಿಂದ ಕಟ್ಟಿದ ಭಾನುವಾರ ಹೋಗುತ್ತದೆ. ರಾಧಿಕಾ ತಮಗೊಬ್ಬರಿಗೇ ಹೇಳಿದ ಗುಟ್ಟೂ ಬಯಲಾಗುತ್ತದೆ. ಹೇಳದಿದ್ದರೆ ಎಲ್ಲ ಮೊದಲಿನಂತೆ. ಕಾಕಾ ಎರಡು ದಿನ ಹೇಳಲಿಲ್ಲ.

ಮೂರನೇ ದಿನ ಕೆಲಸ ಮುಗಿಸಿ ದಾದರಿನ ಬ್ರಿಜ್ ದಾಟುತ್ತಿದ್ದರು. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಸಲ ದಾಟುವ ಬ್ರಿಜ್ಜು. ಮುಂದೆ ಒಬ್ಬ ಹಮಾಲ ಹೊಲಿದು ಮುಚ್ಚಿದ ದೊಡ್ಡ ಗಂಟನ್ನು ತಲೆಯ ಮೇಲಿಟ್ಟುಕೊಂಡು, "ಬಾಜೂ, ಬಾಜೂ" ಅನ್ನುತ್ತ ವೆಸ್ಟರ್ನಿನಿಂದ ಸೆಂಟ್ರಲ್ ಕಡೆಗೆ ಹೋಗುತ್ತಿದ್ದ. ಕಾಕಾ ಅವನ ಹಿಂದೆಯೇ ಇಳಿದರು. ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಗಂಟಿನ ಯಜಮಾನತಿ ಕಾಯುತ್ತಿದ್ದಳು. ಹಮಾಲ ಗಂಟು ಇಳಿಸಿದ. ಅವಳು ಹೊಲಿಗೆಯ ಮೇಲೆ ಕೈಯಾಡಿಸಿ ತಲೆಯಾಡಿಸಿದಳು. ಅವನು ತಲೆಗಿಟ್ಟ ಬಟ್ಟೆ ಬಿಚ್ಚಿ ಕೊಡವಿ, ಬೆವರು ಒರೆಸಿಕೊಂಡು, ಬರಿಗೈಯಲ್ಲಿ ಮೆಟ್ಟಿಲು ಹತ್ತಿ ವಾಪಸ್ ಹೋದ. ಗಂಟಿನಲ್ಲಿ ಏನಿತ್ತೆಂದು ಅವನು ಕೇಳಲೂ ಇಲ್ಲ.

ಕಾಕಾ ಎರಡು ಗಾಡಿ ಬಿಟ್ಟು ಅಲ್ಲೇ ನಿಂತರು. ಸೇತುವೆ ಹಾಕಿದ್ದು ತಪ್ಪಲ್ಲ. ಎರಡು ಕಡೆಯವರು ಮಾತಾಡದಿದ್ದರೆ ಮಧ್ಯೆ ಯಾರಾದರೂ ಹೊರಲೇಬೇಕು. ಆದರೆ ನಾನು ಹೊತ್ತದ್ದನ್ನು ಇಳಿಸಲಿಲ್ಲ, ನನ್ನ ಹತ್ತಿರವೇ ಇಟ್ಟುಕೊಂಡೆ. ಹೊಲಿಗೆ ಬಿಚ್ಚಿ ಬ್ರಿಜ್ಜಿನ ಮೇಲೆ ಹರಡಿದೆ. ಗಂಟಿನವರು ಮಾತ್ರ ಹೊಲಿಗೆ ಹಾಗೇ ಇದೆಯೆಂದು ನಂಬಿ ಕೆಳಗೆ ನಿಂತಿದ್ದಾರೆ. ಜಯಸಿಂಹ ಹೇಳಿದ ಭಾರ ಈಗಲೂ ಆ ಮನೆಗಳವರ ಮೇಲೆಯೇ ಇದೆ. ಅವರಿಗೆ ಗೊತ್ತಿಲ್ಲ, ಅಷ್ಟೇ.

ಸಯಾನಿನಲ್ಲಿ ಇಳಿದು ಬಸ್ಸು ಹಿಡಿದು ಕಾಲೊನಿಗೆ ಬಂದವರು ಮನೆಗೆ ಹೋಗಲಿಲ್ಲ. ಬಿ ಬಿಲ್ಡಿಂಗಿನ ಕೆಳಗೆ ರಾಧಿಕಾ ಕೊತ್ತಂಬರಿ ಹಿಡಿದು ಬರುವುದನ್ನು ಕಾದು, ಮೊದಲ ಮಹಡಿಯ ತಿರುವಿನಲ್ಲಿ ನಿಲ್ಲಿಸಿದರು. ಒಂದೂ ಬಿಡದೆ ಹೇಳಿದರು. ಎರಡನೇ ಚೌಕದ ಟಿಕ್ಕಿನ ಸಮೇತ.

"ಯಾರ್ ನೋಡ್ಯಾರ?"

"ಸೇವಂತಿ."

"ಇನ್ನ ಯಾರು?"

"ಗೊತ್ತಿಲ್ಲವ್ವಾ. ಗೊತ್ತಿಲ್ಲ ಅನ್ನೂದನ್ನಽ ಹೇಳಾಕ ಬಂದೀನಿ."

ರಾಧಿಕಾ ಕೊತ್ತಂಬರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ನಾ ಒಬ್ರಿಗೆ ಹೇಳಿದ್ದೆ ಕಾಕಾ. ನೀವು ಅದನ್ನ ದಾದರತನಾ ಹಂಚಿ ಬಂದ್ರಿ." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಕಾಕಾ ಆಮೇಲೆ ಸೇವಂತಿಯ ಹತ್ತಿರ ಹೇಳಿದರಂತೆ.

ಆಮೇಲೆ ಒಂದು ವಾರ, ಸಂಜೆ ಐದಾರು ಮನೆ. ವಿಜಯಪುರದ ಕಡೆಯ ಮನೆಗಳಲ್ಲಿ ಒಳಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆ ವಾರ ತಿಂದ ಬೆಲ್ಲಕ್ಕೆ ಕಾಕಾನ ಹಲ್ಲು ನೋವೇ ಬಂತು. ಕೆಲವರು "ಹೋಗ್ಲಿ ಬಿಡ್ರಿ" ಅಂದರು. ಅಂಬವ್ವ ಕೊಟ್ಟ ನೀರನ್ನು ವಾಪಸ್ ತೆಗೆದುಕೊಳ್ಳಲಿಲ್ಲ ಅಷ್ಟೇ, "ಇನ್ನ ನಮ್ಮ ಅರ್ಜಿ ನಾವಽ ನೋಡ್ಕೋತೀವಿ," ಎಂದು ಬಾಗಿಲ ತನಕ ಬಂದು ನಿಂತಳು.

ಖಂಡಪ್ಪ ಮಾತ್ರ ಬಿದ್ದು ಬಿದ್ದು ನಕ್ಕ. "ನನ್ನ ಪಾಸ್‌ವರ್ಡಿನ್ಯಾಗ ಏನ್ ಗುಟ್ಟೈತಿ ಕಾಕಾ? ಮನೀದೇವರ ಹೆಸರು, ಮುಂದ ರೂಂ ನಂಬರು. ಬಿಲ್ಡಿಂಗಿನ್ಯಾಗ ಎಲ್ಲಾರದೂ ಅದಽ!"

ಕಾಕಾ ನಗಲಿಲ್ಲ. ಲೆಕ್ಕ ಹಾಕಿದರೆ ನಿಜವೇ. ದೇವರು ಗೊತ್ತು, ರೂಂ ನಂಬರು ಬಾಗಿಲ ಮೇಲೇ ಬರೆದಿದೆ. ಒಬ್ಬರದು ಗೊತ್ತಾದರೆ ಎಲ್ಲರದೂ ಗೊತ್ತಾದಂತೆ. "ಬದಲ ಮಾಡು. ಈಗಿಂದೀಗ, ನನ್ನ ಮುಂದಽ," ಅಂದರು. ಖಂಡಪ್ಪ ಫೋನು ತೆಗೆದ. ಮುಂದೆಯೇ ಅಂದವರು, ಅವನು ಒತ್ತಲು ಶುರುಮಾಡಿದ ಕೂಡಲೇ ಥಟ್ಟನೆ ಎದ್ದು, ಟಿವಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತರು. ಆವತ್ತು ಶುರುವಾದದ್ದು ಅದು.

ಕೊನೆಗೆ ಉಳಿದದ್ದು ಮಲ್ಲವ್ವನ ಮನೆ. ಬೇಕೆಂದೇ ಕೊನೆಗಿಟ್ಟುಕೊಂಡಿದ್ದರು. ಮಲ್ಲವ್ವ ಕಾಲು ಚಾಚಿ ಕೂತು ಎಲ್ಲ ಕೇಳಿದಳು. ರಾಧಿಕಾ ಒಳಗೆ ಒಲೆಯ ಹತ್ತಿರ.

"ನನ್ನ ಗ್ಯಾಸಿಂದು ಯಾರ್ ನೋಡಿದ್ರ ಏನಾತು? ಸಿಲಿಂಡರ್ ಹೊತ್ಕೊಂಡ್ ಹೋಗ್ತಾರನು?" ಅಂದಳು. ಆಮೇಲೆ, "ನಮ್ಮನ್ಯಾಗ ಮತ್ತ ಯಾರದ್ದಿತ್ತು?"

ಕಾಕಾನಿಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದಿದ್ದರೆ ಈ ಮನೆಮನೆ ಸುತ್ತುವ ಕೆಲಸವೇ ಇರುತ್ತಿರಲಿಲ್ಲ. "ರಾಧಿಕಾಂದು ರಾಧಿಕಾಗ ಹೇಳೀನ್ರಿ," ಅಂದರು.

"ಹಂಗಾರ ರಾಧಿಕಾಂದೂ ಒಂದೈತಿ ಅಂತಾತು."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳಲು ಕಾಕಾನಿಗೆ ದಾರಿ ಇರಲಿಲ್ಲ. ರಾಧಿಕಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಾಕಾನ ಕಡೆ ನೋಡಲಿಲ್ಲ.

"ಬಿ.ಎ. ಕಲ್ಯಾಕತ್ತೀನ್ರಿ ಅತ್ತಿ. ಎರಡನೇ ವರ್ಷ. ಇಂಗ್ಲಿಷ್ ಒಂದು ಹೋಗೈತಿ. ಬರೂ ತಿಂಗಳ ಮತ್ತ ಕೂಡಬೇಕು."

ಮಲ್ಲವ್ವ ಸೊಸೆಯನ್ನು ನೋಡಿದಳು, ಕಾಕಾನನ್ನು ನೋಡಿದಳು. "ಸೇವಂತಿಗೆ ಗೊತ್ತೈತಿ?"

"ಗೊತ್ತಾಗೈತ್ರಿ," ಅಂದರು ಕಾಕಾ.

"ಎಂಟ್ಹತ್ತು ದಿನದಿಂದ ಅಕೀ ಮೆಂತ್ಯಾ ಸೋಸಾಕ ಯಾಕ ಬರವಲ್ಲಳು ಅಂತ ಈಗ ತಿಳೀತು. ಭೇಷ್! ನನ್ನ ಸೊಸಿ ಸುದ್ದಿ ನನಗಿಂತ ಮದಲ ಆ ಸೇವಂತಿಗೆ!" ಮಲ್ಲವ್ವನ ಸಿಟ್ಟೆಲ್ಲ ಅಲ್ಲೇ ಇತ್ತು, ಫೇಲಾದದ್ದರ ಮೇಲೆ ಅಲ್ಲ. ಗೊಣಗುತ್ತ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಲಟ್ಟಣಿಗೆಯ ಸದ್ದು ಮತ್ತೆ ಶುರುವಾಯಿತು. ರಾಧಿಕಾ ಹಿಟ್ಟಿನ ಕೈ ಹಾಗೇ ಹಿಡಿದು ಹೊರಗೇ ನಿಂತಿದ್ದಳು.

ಜಯಸಿಂಹ ಹೇಳಿದ ಹಾಗೆಯೇ ಆಯಿತು. ಮುಂದಿನ ಭಾನುವಾರ ಬಂದವರು ಇಬ್ಬರು. ಅದರಲ್ಲೊಬ್ಬ ಖಂಡಪ್ಪ, ಅವನು ಕಾಕಾ ಗೋಡೆಗೆ ತಿರುಗುವುದನ್ನು ನೋಡಲೆಂದೇ ಬಂದದ್ದು. ಅದರ ಮುಂದಿನ ವಾರ ನಾಲ್ವರು. ಬಿಡುವಿದ್ದಾಗ ಕಾಕಾ ಒಂದು ಕೆಲಸ ಮಾಡಿದರು. ಎರಡೂ ಬ್ರೌಸರಿನವರ 'ನಿಮ್ಮ ಅಭಿಪ್ರಾಯ ತಿಳಿಸಿ' ಎಂಬ ಜಾಗಕ್ಕೆ ಹೋಗಿ, ಎರಡು ಕಡೆಯೂ ಅದೇ ಮಾತು, ಕನ್ನಡದಲ್ಲೇ ಬರೆದರು. 'ನೀವಿಬ್ಬರೂ ಬೇಕಾದಷ್ಟು ಜಗಳಾಡಿ, ಬೇಡವೆನ್ನುವುದಿಲ್ಲ. ಆದರೆ ನಡುವೆ ನೀವೇ ಒಂದು ಬ್ರಿಜ್ ಹಾಕಿ. ನೀವು ಹಾಕದಿದ್ದರೆ ನಮ್ಮಂಥವರು ಹಾಕಲು ಹೋಗಿ ಹೀಗಾಗುತ್ತದೆ. ಹಾಕಿದಮೇಲೆ ಗಂಟು ಯಾರದೋ ಅವರ ಕೈಗೇ ಕೊಡಿ, ಬ್ರಿಜ್ಜಿನ ಮೇಲೆ ಇಟ್ಟುಕೊಳ್ಳಬೇಡಿ.' ಕೆಳಗೆ ಫೋನ್ ನಂಬರಿಗೆ ಒಂದು ಚೌಕವಿತ್ತು. ಕೈ ಹೋಯಿತು. ಕಾಕಾ ಅದನ್ನು ಹಿಡಿದು ನಿಲ್ಲಿಸಿ, ಚೌಕ ಖಾಲಿ ಬಿಟ್ಟು ಕಳಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ. ಉತ್ತರ ಈವರೆಗೆ ಎರಡು ಕಡೆಯಿಂದಲೂ ಬಂದಿಲ್ಲ.

ಸೇವಂತಿ ಮತ್ತು ಮಲ್ಲವ್ವ ಹತ್ತು ದಿನದಲ್ಲಿ ಮತ್ತೆ ಒಟ್ಟಿಗೆ ಮೆಂತ್ಯ ಸೋಸತೊಡಗಿದರು. ಅವರ ಸಿಟ್ಟಿಗೆ ಅಷ್ಟೇ ಆಯುಷ್ಯ. ರಾಧಿಕಾ ಮಾತ್ರ ಮೂರು ಭಾನುವಾರ ಬರಲಿಲ್ಲ. ಪಂಪಿನ ಎದುರು ಸಿಕ್ಕರೆ ನೆಲ ನೋಡುತ್ತ ಹೋಗುತ್ತಿದ್ದಳು. ಮರುಪರೀಕ್ಷೆಯ ಪ್ರವೇಶಪತ್ರ ತೆಗೆಯುವ ಕೊನೆಯ ದಿನ ಹತ್ತಿರ ಬಂದಿತ್ತು. ಅವಳು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ತೆಗೆಸಿರಬೇಕು ಎಂದು ಕಾಕಾ ತಮಗೆ ತಾವೇ ಹೇಳಿಕೊಂಡಿದ್ದರು. ಆದರೂ ಆ ಪುಟವನ್ನು ದಾದರಿನಲ್ಲಿ ಹುಡುಕಿ, ಚೀಟಿಯ ಬೆನ್ನಿಗೆ ವಿಳಾಸ ಬರೆದು ಜೇಬಿನಲ್ಲಿಟ್ಟು ತಂದಿದ್ದರು. ಹೌದು, ಮತ್ತೆ ಚೀಟಿಯೇ.

ನಾಲ್ಕನೇ ಭಾನುವಾರ, ಐದೂವರೆಗೆ, ಬಾಗಿಲಲ್ಲಿ ನೆರಳು ಬಿತ್ತು. ರಾಧಿಕಾ. ನೇರವಾಗಿ ಬಂದು ಕುರ್ಚಿಯಲ್ಲಿ ಕೂತಳು. ಕಾಕಾ ಚೀಟಿ ತೆಗೆದು, ವಿಳಾಸ ಒತ್ತಿ, ಪುಟ ತೆರೆದು, ಲ್ಯಾಪ್‌ಟಾಪನ್ನೂ ಇಟ್ಟಿಗೆಯನ್ನೂ ಅವಳ ಕಡೆ ತಿರುಗಿಸಿದರು. ತಮ್ಮ ಕುರ್ಚಿ ಎಳೆದು ಗೋಡೆಗೆ ಮುಖ ಮಾಡಿದರು.

ಹಿಂದೆ ಕೀಲಿಗಳ ಸದ್ದು. ಒಂದೊಂದೇ ಅಕ್ಷರ. ನಿಂತಿತು. ಮತ್ತೆ ಶುರುವಾಯಿತು. ಹೊರಗೆ ಪಂಪು ಚಾಲೂ ಆಯಿತು, ನಿಂತಿತು. ಕಾಕಾ "ಆತೇನ್ರಿ?" ಎಂದು ಕೇಳಲಿಲ್ಲ. ಹಳೇ ಕ್ಯಾಲೆಂಡರಿನ ದಿನಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದುತ್ತ ಕೂತರು.

"ಆತ್ರಿ ಕಾಕಾ," ಅಂದಳು ರಾಧಿಕಾ. "ತಿರುಗ್ರಿ."

ತಿರುಗಿದರು. ಪರದೆಯ ಮೇಲೆ ಅವಳ ಫೋಟೋ ಇದ್ದ ಪ್ರವೇಶಪತ್ರ. ಅದನ್ನು ಅವಳೇ ಅವರ ಕಡೆಗೆ ತಿರುಗಿಸಿದ್ದಳು.

ಯಾವಾಗಲಾದರೂ ಭಾನುವಾರ ಆಂಟಾಪ್ ಹಿಲ್ ಕಡೆ ಹೋದರೆ, ನಾಲ್ಕರ ಮೇಲೆ, ಆ ಪಂಪಿನ ಪಕ್ಕದ ಕೋಣೆಗೆ ಹೋಗಿ ಬನ್ನಿ. ನಿಮ್ಮ ಫೋನಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು ಬ್ರೌಸರಿದ್ದು ಒಂದಕ್ಕೊಂದು ಮಾತು ಬಿಟ್ಟಿದ್ದರೆ ಖಂಡಿತ ಹೋಗಿ. ನೀವು ಗುರುತು ಮಾಡಿದ ಪುಟಗಳನ್ನಷ್ಟೇ ಇಲ್ಲಿಂದ ಅಲ್ಲಿಗೆ ದಾಟಿಸುವುದನ್ನು ಕಾಕಾ ಹತ್ತು ನಿಮಿಷದಲ್ಲಿ ಕಲಿಸಿಕೊಡುತ್ತಾರೆ. ಎರಡನೇ ಚೌಕ ಬಂದಾಗ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ಗಮನಿಸದ ಹಾಗೆ ಇರಿ. ಕುರ್ಚಿ ಎಳೆದ ಸದ್ದು ಕೇಳಿದಾಗ ನಗಬೇಡಿ. ನಿಧಾನಕ್ಕೆ, ನಿಮ್ಮದನ್ನು ನೀವೇ ಒತ್ತಿ.